ಕರಿ ಡಬ್ಬಿಯ ತಾಳ

ಮೊದಲೇ ಹೇಳಿಬಿಡುತ್ತೇನೆ, ಆ ಡಬ್ಬಿಯನ್ನು ಕಂಡರೆ ನನಗೆ ಆಗುತ್ತಿರಲಿಲ್ಲ. ಗೋಕಾಕದ ನಮ್ಮ ಓಣಿಯಲ್ಲಿ ಒಬ್ಬರು ಫ್ರಿಜ್ ತಂದರು, ಇನ್ನೊಬ್ಬರು ಬಟ್ಟೆ ಒಗೆಯುವ ಮಶೀನು ತಂದರು. ನಮ್ಮ ಮನೆಯವರು ತಂದದ್ದು ಊಟದ ಡಬ್ಬಿಯಷ್ಟು ದೊಡ್ಡದೊಂದು ತಗಡಿನ ಪೆಟ್ಟಿಗೆ. ಅದೂ ಒಂದಲ್ಲ, ಎರಡು. ತಣ್ಣಗೆ ಮಾಡುವುದಿಲ್ಲ, ಒಗೆಯುವುದಿಲ್ಲ, ತಾನಾಗಿ ಹಾಡುವುದೂ ಇಲ್ಲ. ಏನ್ರಿ ಇದು ಎಂದು ಬಾಜೂ ಮನೆಯಾಕೆ ಕೇಳಿದಾಗ, ಡಿ ಟು ಎ ಕನ್ವರ್ಟರ್ ಎಂದು ಇಂಗ್ಲಿಷ್ ಪಾಠ ಓದಿದಂತೆ ಹೇಳಿ ಸುಮ್ಮನಾದೆ. ಆಕೆ ಮುಂದೆ ಕೇಳಲಿಲ್ಲ, ಪುಣ್ಯ.

ನಾನು ಪ್ರೈಮರಿ ಸಾಲೆಯ ಅಕ್ಕೋರು. ಯಾವುದನ್ನೂ ಎರಡನೇ ತರಗತಿಯ ಮಕ್ಕಳಿಗೆ ತಿಳಿಯುವ ಹಾಗೆ ಹೇಳದಿದ್ದರೆ ನನಗೆ ಸಮಾಧಾನವಿಲ್ಲ. ಹಾಗಾಗಿ ಕೇಳಿ. ಸೀಡಿಯೊಳಗೆ ಹಾಡು ಇರುವುದಿಲ್ಲ, ಬರೀ ಅಂಕಿಗಳಿರುತ್ತವೆ. ಆ ಅಂಕಿಗಳನ್ನು ಮತ್ತೆ ದನಿಯಾಗಿ ಮಾಡುವ ಒಂದು ಭಾಗ, ಅದೇ ಕನ್ವರ್ಟರ್, ಪ್ರತಿ ಸೀಡಿ ಪ್ಲೇಯರಿನೊಳಗೂ ಇರುತ್ತದೆ. ನಮ್ಮ ಪ್ಲೇಯರಿನಲ್ಲಿ ಆ ಭಾಗವೇ ಕೆಟ್ಟು, ಒಂದು ಕಡೆಯ ಸ್ಪೀಕರು ಹಪ್ಪಳ ಕರಿದಂತೆ ಚಟಚಟ ಅನ್ನತೊಡಗಿತ್ತು. ಮೂಡಲಗಿಯಲ್ಲಿ ಮೈಕ್ ಸೆಟ್ಟಿನ ಅಂಗಡಿ ಇಟ್ಟಿರುವ ನನ್ನ ತಮ್ಮ ಬಂದು ಬಿಚ್ಚಿ ನೋಡಿ, ಸೀಡಿ ಓದುವ ಭಾಗ ಗಟ್ಟಿಯಾಗಿದೆ, ಹೊರಗಿನಿಂದ ಬೇರೆ ಕನ್ವರ್ಟರ್ ಕೂಡಿಸಿದರೆ ಇನ್ನೂ ಹತ್ತು ವರ್ಷ ನಡೆಯುತ್ತದೆ ಎಂದ. ಎರಡು ಸಾವಿರದ ಇಸವಿ ದಾಟಿ ಎರಡು ಮೂರು ವರ್ಷವಾಗಿದ್ದ ಕಾಲ ಅದು. ಗೋಕಾಕದಲ್ಲಿ ಅಂಥ ವಸ್ತುವಿನ ಹೆಸರು ಕೇಳಿದವರೂ ಇರಲಿಲ್ಲ.

ನಮ್ಮವರದು ಪಾವರ್‌ಲೂಮ್ ಕೆಲಸ. ಅವರ ಕಾಕಾನ ಶೆಡ್ಡಿನಲ್ಲಿ ಮೀಸೆ ಮೂಡುವ ಮುಂಚೆ ನಿಂತವರು, ಕೂದಲು ನರೆತರೂ ಅಲ್ಲೇ ಇದ್ದರು. ಮಗ್ಗಗಳೆಲ್ಲ ಒಟ್ಟಿಗೆ ನಡೆದಾಗ ಆ ತಗಡಿನ ಮಾಡಿನ ಕೆಳಗೆ ನಿಮ್ಮ ಮಾತು ನಿಮಗೇ ಕೇಳಿಸುವುದಿಲ್ಲ. ಅಲ್ಲಿಯವರು ದನಿ ತೆಗೆಯದೆ ತುಟಿಯಲ್ಲೇ ಮಾತಾಡುತ್ತಾರೆ. ಚಹಾ ಬಂತು, ನೂಲು ಹರಿಯಿತು, ನಿನ್ನ ಮಾವ ಬಂದಾನ, ಎಲ್ಲ ತುಟಿ ನೋಡಿಯೇ ತಿಳಿಯಬೇಕು. ಹತ್ತಿಯ ಎಳೆ ಸುತ್ತಲೂ ಹಾರಾಡುತ್ತಿರುತ್ತದೆ, ಅದರಲ್ಲಿ ಒಂದಿಷ್ಟು ಉಂಡೆ ಮಾಡಿ ಕಿವಿಗೆ ಇಟ್ಟುಕೊಳ್ಳುವ ಬುದ್ಧಿ ಮಾತ್ರ ಒಬ್ಬರಿಗೂ ಬಂದಿರಲಿಲ್ಲ.

ಅಂಥ ಗದ್ದಲದಿಂದ ಮನೆಗೆ ಬಂದ ಮನುಷ್ಯ ಮತ್ತೆ ಸ್ಪೀಕರಿನ ಮುಂದೆ ಕೂಡುವುದೆಂದರೆ ನನಗೆ ಸೋಜಿಗ. ಆದರೆ ಅವರ ಜೀವವೇ ಅದು. ಆಂಪ್ಲಿಫೈಯರನ್ನು ತಾವೇ ಜೋಡಿಸಿದ್ದರು. ಅದಕ್ಕೆ ವಾಲ್ಯೂಮಿನ ಗುಂಡಿ ಒಂದೇ. ಬಾಸು, ಟ್ರೆಬಲ್ಲು ಎಂದು ಗುಂಡಿ ತಿರುವುವವರನ್ನು ಕಂಡರೆ ಅವರಿಗೆ ಮೈ ಉರಿಯುತ್ತಿತ್ತು. ಹಾಡಿದವರು ಹೇಗೆ ಹಾಡಿದರೋ ಹಾಗೇ ಕೇಳಬೇಕು, ನಡುವೆ ನಮ್ಮದೇನು ಶಾಣ್ಯಾತನ ಎನ್ನುತ್ತಿದ್ದರು. ಭಜನೆಯವರು ಅವರನ್ನು ಬುವಾ, ಅಂದರೆ ಹಾಡು ಬಲ್ಲ ಗುರು, ಎಂದೇ ಕರೆಯುತ್ತಿದ್ದರು. ಹಾರ್ಮೋನಿಯಂ ಪೇಟಿಯ ಸ್ವರ ಸರಿ ಇದೆಯೋ ಇಲ್ಲವೋ, ತಬಲಾ ಏರಿದೆಯೋ ಇಳಿದಿದೆಯೋ, ಯಾವ ಊರಿನ ಮೈಕ್ ಸೆಟ್ ಚಲೋ, ಎಲ್ಲದಕ್ಕೂ ಬುವಾನ ಕಿವಿಗೆ ಹಾಕಿ ನೋಡ್ರಿ ಎನ್ನುವುದು ರೂಢಿ. ಹೊಲವಿಲ್ಲ, ದೊಡ್ಡ ಓದಿಲ್ಲ, ನಾಲ್ಕು ಮಂದಿ ಎದ್ದು ನಿಂತು ಬರ್ರಿ ಎನ್ನುವುದು ಆ ಎರಡು ಕಿವಿಗಳಿಂದಲೇ ಎಂಬುದು ಅವರಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು.

ಆ ಕಿವಿಯ ಹೆಸರು ಹುಕ್ಕೇರಿಯ ಒಬ್ಬ ಸಾವಕಾರರವರೆಗೂ ಹೋಗಿತ್ತು. ಬಟ್ಟೆ ಅಂಗಡಿಯ ಜೈನ ಹಿರಿಯರು, ಮನೆಯಲ್ಲಿ ಮರಾಠಿ, ಅಂಗಡಿಯಲ್ಲಿ ಕನ್ನಡ, ಹಾಡಿನ ಹುಚ್ಚು ಎರಡರಲ್ಲೂ. ಶೆಡ್ಡಿನ ಬಟ್ಟೆ ಕೊಳ್ಳಲು ಬಂದವರು ನಮ್ಮವರಿಗೆ ಗೆಳೆಯರಾದರು. ಮುಂಬಯಿಯ ಅವರ ಬೀಗರು ಸಣ್ಣ ಮನೆಗೆ ಹೋಗುವಾಗ ಹಾಡಿನ ಸಾಮಾನೆಲ್ಲ ಸಾವಕಾರರಿಗೆ ಕಳಿಸಿದ್ದರು. ಅದರಲ್ಲಿ ಎರಡು ಕನ್ವರ್ಟರ್ ಇದ್ದವು, ಒಂದು ಕರಿ ಡಬ್ಬಿ, ಒಂದು ಬಿಳಿ ಡಬ್ಬಿ. ನಮ್ಮ ಪ್ಲೇಯರಿನ ಕಥೆ ಕೇಳಿ ಅವರು ಎರಡನ್ನೂ ಚೀಲದಲ್ಲಿ ಹಾಕಿ ಕೊಟ್ಟರು. ಮನೆಯಲ್ಲಿ ಸಮಾಧಾನದಿಂದ ಕೇಳಿ, ಮುಂದಿನ ಸಂತೆಯ ದಿನ ತಂದು ಯಾವುದು ಚಲೋ, ಯಾಕೆ ಚಲೋ ಅಂತ ಹೇಳಬೇಕು, ಆರಿಸಿದ್ದು ನಿಮ್ಮದು, ಉಳಿದದ್ದು ನನ್ನದು ಎಂಬ ಕರಾರು. ಅಂದು ಬೆಲ್ಲದ ಬಾಗೇವಾಡಿಯಿಂದ ಹಾಡು ಬಲ್ಲ ಇಬ್ಬರು ಗೆಳೆಯರನ್ನೂ ಕರೆಸುತ್ತೇನೆ, ಬುವಾ ಹೇಗೆ ಪರೀಕ್ಷೆ ಮಾಡುತ್ತಾರೆ ಎಂದು ಅವರೂ ನೋಡಲಿ ಎಂದರು. ನಮ್ಮವರು ಬಸ್ಸಿನಲ್ಲಿ ಆ ಚೀಲವನ್ನು ತೊಡೆಯಿಂದ ಕೆಳಗಿಡದೆ ಬಂದರು.

ಮೊದಲ ಸಂಜೆ ಬಿಳಿ ಡಬ್ಬಿ ಕೂಡಿಸಿದರು. ಹಾಕಿದ್ದು ಹಳೆಯದೊಂದು ಭಜನೆಯ ಸೀಡಿ. ಅದೂ ಮುಂಬಯಿಯಿಂದ ಬಂದದ್ದೇ, ಸೀಡಿ ಹೊಸದಾಗಿ ಬಂದ ದಿನಗಳದು. ನನಗೆ ಇದರ ಗಂಧಗಾಳಿ ಇಲ್ಲ, ಆದರೂ ಅಡಿಗೆ ಮನೆಯಲ್ಲಿ ರೊಟ್ಟಿ ತಟ್ಟುತ್ತ ಕೈ ನಿಲ್ಲಿಸಿದೆ. ಹಾಡುವವರು ಪಡಸಾಲೆಯಲ್ಲಿ ಬಂದು ಕುಳಿತಂತಿತ್ತು. ಹೊರಗೆ ಬಂದು ನೋಡಿದರೆ ನಮ್ಮವರ ಮುಖ ಸಪ್ಪೆ. ಚಲೋ ಐತಿ ಎಂದರು, ಬಾಯಿಮಾತಿಗೆ.

ಆಮೇಲೆ ಕರಿ ಡಬ್ಬಿ ಕೂಡಿಸಿದರು. ಅಯ್ಯಯ್ಯೋ, ಅದನ್ನೇನು ಹೇಳಲಿ! ಕಂಚಿನ ತಾಳದ ಸದ್ದು ಕಿವಿಯೊಳಗೆ ಸೂಜಿ ಹಾಕಿದ ಹಾಗೆ. ಹಾಡುವಾತ ಸ ಅಂದರೆ ಸಾಸಿವೆ ಸಿಡಿದಂತೆ. ನಾನು ಸೆರಗಿನಿಂದ ಕಿವಿ ಮುಚ್ಚಿಕೊಂಡೆ. ನಮ್ಮವರು ಮಾತ್ರ ಬೆನ್ನು ನೆಟ್ಟಗೆ ಮಾಡಿ ಕುಳಿತರು. ಕಣ್ಣು ಅರಳಿತು. ಹಾಡು ಮುಗಿದ ಮೇಲೆ ಅದನ್ನೇ ಮತ್ತೆ ಹಾಕಿದರು. ಮುಗಿದ ಮೇಲೆ ಮತ್ತೆ.

ಇದೇ ಚಲೋದು ಎಂದು ಅವರು ಹೇಳಿದಾಗ ನಾನು ನಕ್ಕೆ, ಚೇಷ್ಟೆ ಮಾಡುತ್ತಿದ್ದಾರೆ ಎಂದುಕೊಂಡೆ. ಚೇಷ್ಟೆಯಾಗಿರಲಿಲ್ಲ. ಆ ವಾರವೆಲ್ಲ ನಮ್ಮಿಬ್ಬರಿಗೂ ಅದೇ ಜಗಳ. ನನಗೆ ತಲೆಶೂಲೆ ಎಂದರೆ ನಿನಗೇನು ತಿಳಿಯುತ್ತದೆ ಎನ್ನುವರು. ನಾನೂ ಸುಮ್ಮನಿರುವವಳಲ್ಲ. ನಲವತ್ತು ಮಕ್ಕಳ ಗದ್ದಲದಲ್ಲಿ ಹಿಂದಿನ ಸಾಲಿನ ಹುಡುಗಿ ಏನು ಪಿಸುಗುಟ್ಟಿದಳು ಎಂದು ಕೇಳುವ ಕಿವಿ ನನ್ನದು ಎಂದೆ. ಅವರು ಎದ್ದು ಹೋಗಿ ವಾಲ್ಯೂಮು ಏರಿಸಿದರು.

ರವಿವಾರ ಭಜನೆಯವರು ಬಂದರು. ಬುವಾ ಹೊಸ ಡಬ್ಬಿ ತಂದಿದ್ದಾರೆ ಎಂದು ಕೇಳಲು ಬಂದವರು ಅವರು. ಕರಿ ಡಬ್ಬಿ ಶುರುವಾಯಿತು. ಒಬ್ಬರು ಮುಖ ಹಿಂಡಿದರು, ಕೂಡಲೇ ಸರಿ ಮಾಡಿಕೊಂಡರು. ಇನ್ನೊಬ್ಬರು ನೀರು ಕುಡಿದು ಬರುತ್ತೇನೆಂದು ಹೊರಗೆ ಹೋದವರು ಹಾಡು ಮುಗಿಯುವವರೆಗೆ ಬರಲಿಲ್ಲ. ಕೊನೆಗೆ ಎಲ್ಲರೂ ಭಾಳ ಸ್ವಚ್ಛ ಐತಿ ಬುವಾ ಎಂದರು. ಬುವಾ ಚಲೋ ಎಂದ ಮೇಲೆ ತಪ್ಪು ತಮ್ಮ ಕಿವಿಯದೇ ಎಂದು ಅವರು ತಿಳಿದಿದ್ದರು, ಪಾಪ. ಅವರ ಮುಖ ನೋಡಿದಾಗ ನನಗೆ ಮೊದಲ ಬಾರಿ ಹೆದರಿಕೆಯಾಯಿತು. ಹುಕ್ಕೇರಿಯವರು ಹೀಗೆ ತಲೆಯಾಡಿಸುವವರಲ್ಲ. ಬಾಗೇವಾಡಿಯ ಆ ಗೆಳೆಯರಂತೂ ಗುರುತಿಲ್ಲದ ಮಂದಿ. ಅವರ ಮುಂದೆ ಇದು ಚಲೋ ಎಂದು ಹೇಳಿ ನಗೆಪಾಟಲಾದರೆ ನಮ್ಮವರು ಮತ್ತೆ ಯಾರ ಮುಂದೆ ಪೇಟಿ ಮುಟ್ಟುತ್ತಾರೆ?

ಮೂಡಲಗಿಗೆ ಫೋನು ಮಾಡಿ ತಮ್ಮನನ್ನು ಕರೆಸಿದೆ. ಅವನು ಮೀಟರು, ಸಾಮಾನು ತೆಗೆದುಕೊಂಡು ಬಂದ. ಎರಡು ಡಬ್ಬಿಯನ್ನೂ ಬಿಚ್ಚಿ, ಕೂಡಿಸಿ, ಕೇಳಿ, ಅಡಿಗೆ ಮನೆಗೆ ಬಂದು ಮೆಲ್ಲಗೆ ಹೇಳಿದ. ಸೀಡಿ ಹೊಸದಾಗಿ ಬಂದ ಕಾಲದ ಕೆಲವದರಲ್ಲಿ, ಈ ಭಜನೆಯದರಲ್ಲೂ, ಮೇಲಿನ ಕೀರಲು ದನಿಯನ್ನು ಬೇಕೆಂದೇ ಏರಿಸಿ ತುಂಬಿರುತ್ತಾರಂತೆ. ಕನ್ವರ್ಟರ್ ಅದನ್ನು ಗುರುತು ಹಿಡಿದು ಇಳಿಸಬೇಕು. ಬಿಳಿ ಡಬ್ಬಿ ಇಳಿಸುತ್ತದೆ. ಕರಿ ಡಬ್ಬಿಯಲ್ಲಿ ಆ ಭಾಗವೇ ಸತ್ತಿದೆ. ಅರ್ಧ ತಾಸಿನ ರಿಪೇರಿ.

ಅಷ್ಟೇನಾ ಎಂದು ನಾನು ನಿಟ್ಟುಸಿರು ಬಿಟ್ಟೆ. ತಮ್ಮ ಮಾತ್ರ ಕದಲಲಿಲ್ಲ. ಕೈಯಲ್ಲಿದ್ದ ಚಹಾ ಆರುತ್ತಿತ್ತು.

“ಅಕ್ಕಾ, ಡಬ್ಬಿ ಕೆಟ್ಟದ್ದು ದೊಡ್ಡ ಮಾತಲ್ಲ. ಅದು ಮಾವಾರಿಗೆ ಯಾಕ ತಿಳಿವಲ್ದು?”

ನನಗೆ ಆಗಲೂ ಹೊಳೆಯಲಿಲ್ಲ ನೋಡಿ. ಅವನು ಪಡಸಾಲೆಗೆ ಹೋಗಿ, ಸ್ಪೀಕರು ನೋಡಬೇಕು ಮಾವಾರ ಎಂದು ತನ್ನ ಚೀಲದಿಂದ ಒಂದು ಸೀಡಿ ತೆಗೆದು ಹಾಕಿದ. ಅದರಲ್ಲಿ ಹಾಡಿಲ್ಲ, ಸಿಳ್ಳೆಯಂಥ ಒಂದು ದನಿ ಕೆಳಗಿನಿಂದ ಮೇಲಕ್ಕೆ ಏರುತ್ತ ಹೋಗುತ್ತದೆ. ಮೊದಲು ಗುಂಯ್ ಎಂದಿತು, ಆಮೇಲೆ ಕೊಳಲಿನಂತಾಯಿತು. ನಮ್ಮವರು ತಲೆಯಾಡಿಸುತ್ತಿದ್ದರು. ದನಿ ಏರಿತು, ಇನ್ನೂ ಏರಿತು. ಬಾಜೂ ಮನೆಯ ನಾಯಿ ಬೊಗಳಿತು. ನಾನು ಹಲ್ಲು ಕಚ್ಚಿ ನಿಂತೆ. ನಮ್ಮವರು ಸ್ಪೀಕರಿನ ಕಡೆ ನೋಡುತ್ತ ಕಾಯುತ್ತಿದ್ದರು.

“ಯಾಕೋ, ನಿಂದರಿಸಿದ್ಯೇನು? ಹಚ್ಚು ಮುಂದ.”

ಸಿಳ್ಳೆ ಕೋಣೆಯ ತುಂಬ ಚೀರುತ್ತಿತ್ತು. ನನ್ನ ತಮ್ಮ ನನ್ನ ಮುಖ ನೋಡಿದ, ನಾನು ಅವನ ಮುಖ ನೋಡಿದೆ. ಹೌದ್ರಿ ಮಾವಾರ, ಮುಗೀತು ಎಂದು ಹೇಳಿ ಅವನು ಪ್ಲೇಯರು ಬಂದ್ ಮಾಡಿದ.

ಅಂದು ತಮ್ಮ ಹೋದ ಮೇಲೆ ನಾನು ರೊಟ್ಟಿಗೆ ಹಿಟ್ಟು ನಾದುತ್ತ ಒಂದೊಂದೇ ನೆನೆಸಿಕೊಂಡೆ. ಇವರು ನನ್ನ ಜೊತೆ ಮಾತಾಡುವಾಗ ಯಾವಾಗಲೂ ಮುಖವನ್ನೇ ನೋಡುತ್ತಾರೆ. ಓಣಿಯ ಹೆಂಗಸರು ಇದನ್ನು ಕಂಡು, ನಿಮ್ಮ ಮನಿಯವರು ನಿಮ್ಮ ಮಾರಿ ಬಿಟ್ಟು ಕಣ್ಣ ತಗಿಯಂಗಿಲ್ಲ ನೋಡ್ರಿ ಎಂದು ಚೇಷ್ಟೆ ಮಾಡುತ್ತಿದ್ದರು. ನಾನೂ ಒಳಗೊಳಗೆ ಬೀಗುತ್ತಿದ್ದೆ, ಸುಳ್ಳು ಯಾಕೆ ಹೇಳಲಿ. ಕರೆಂಟು ಹೋದಾಗ ಮಾತು ನಿಲ್ಲಿಸುತ್ತಿದ್ದರು, ಕತ್ತಲೆಯಲ್ಲಿ ಏನು ಮಾತು ಎನ್ನುತ್ತಿದ್ದರು. ಸಾಲೆಯ ಮಕ್ಕಳು ಮನೆಗೆ ಬಂದರೆ ಅವರ ಎಳೆಯ ದನಿಗೆ ಬರೀ ನಕ್ಕು ತಲೆ ಸವರುತ್ತಿದ್ದರು. ಇದೆಲ್ಲ ಪ್ರೀತಿ, ಗುಣ, ಶೆಡ್ಡಿನ ರೂಢಿ ಎಂದು ನಾನು ತಿಳಿದಿದ್ದೆ. ಮನುಷ್ಯ ನನ್ನ ಪಕ್ಕದಲ್ಲೇ ಕಿವಿ ಕಳೆದುಕೊಂಡಿದ್ದ, ನಾನು ಅದನ್ನು ಒಲವೆಂದು ಓದಿದ್ದೆ.

ನನಗೆ ಅಳು ಬರಲಿಲ್ಲ, ಸಿಟ್ಟು ಬಂತು. ಹಿಟ್ಟಿನ ಕೈಯಲ್ಲೇ ಹೋಗಿ ಎದುರಿಗೆ ಕುಳಿತು ನೇರವಾಗಿ ಕೇಳಿದೆ. ಎಷ್ಟು ವರ್ಷವಾಯಿತು, ನನಗೆ ಯಾಕೆ ಹೇಳಲಿಲ್ಲ, ನಾನು ಯಾರು ನಿಮಗೆ ಎಂದೆಲ್ಲ ಕೇಳಿದೆ. ಅವರು ಒಂದೊಂದೇ ಹೇಳಿದರು. ಮೊದಲು ಕೇಳದಾದದ್ದು ಗುಬ್ಬಿಗಳ ದನಿ. ಊರಲ್ಲಿ ಗುಬ್ಬಿಯೇ ಇಲ್ಲವಾದವು ಎಂದುಕೊಂಡಿದ್ದರಂತೆ. ಆಮೇಲೆ ಭಜನೆಯಲ್ಲಿ ತಾಳದವನ ಕೈ ಆಡುತ್ತಿರುತ್ತದೆ, ಸದ್ದು ಮಾತ್ರ ಬರುವುದಿಲ್ಲ. ಕೈ ನೋಡಿಕೊಂಡೇ ತಲೆಯಾಡಿಸುತ್ತ ಬಂದಿದ್ದರು. ಪೇಟಿಯ ನಡುವಿನ ಸ್ವರ, ತಬಲಾ, ಹಾಡುವವರ ದನಿ ಇನ್ನೂ ಕೇಳುತ್ತಿತ್ತಾದ್ದರಿಂದ ಯಾರಿಗೂ ಗೊತ್ತಾಗಲಿಲ್ಲ.

“ಈ ಕರಿ ಡಬ್ಬ್ಯಾಗ ತಾಳ ಕೇಳ್ತಾವು. ಪೂರಾ ಅಲ್ಲ, ದೂರದ ಗುಡಿಯೊಳಗ ಬಾರಿಸಿಧಂಗ. ಆದರೂ ಕೇಳ್ತಾವು. ನನಗ ಅದು ಬೇಕಾಗಿತ್ತು.”

ಇಷ್ಟು ಹೇಳಿ ಅವರು ಅತ್ತರು. ಮದುವೆಯಾಗಿ ಅಷ್ಟು ವರ್ಷದಲ್ಲಿ, ಅವರ ಅವ್ವ ಹೋದಾಗ ಬಿಟ್ಟರೆ, ನಾನು ಅದನ್ನು ಕಂಡಿರಲಿಲ್ಲ. ನನ್ನ ಸಿಟ್ಟು ಎಲ್ಲಿ ಹೋಯಿತೋ ಗೊತ್ತಿಲ್ಲ. ಹಿಟ್ಟಿನ ಕೈಯಿಂದಲೇ ಅವರ ಕೈ ಹಿಡಿದುಕೊಂಡು ಕುಳಿತೆ.

ಮರುದಿನ ತಮ್ಮನಿಗೆ ಫೋನಿನಲ್ಲಿ ಕೇಳಿದೆ, ಬಿಳಿ ಡಬ್ಬಿ ಇಟ್ಟುಕೊಂಡು ಆಂಪ್ಲಿಫೈಯರಿಗೇ ಟ್ರೆಬಲ್ ಗುಂಡಿ ಕೂಡಿಸಲು ಬರುವುದಿಲ್ಲವೇ ಎಂದು. ಕೂಡಿಸಬಹುದು, ಆದರೆ ಗುಂಡಿ ತಿರುವಿ ಕೇಳುವುದಕ್ಕೆ ಮಾವಾರು ಒಪ್ಪುವವರಲ್ಲ ಎಂದ. ಬೆಳಗಾವಿಯ ಡಾಕ್ಟರರಿಗೂ ತೋರಿಸಿದೆವು. ಮಗ್ಗದ ಸದ್ದಿಗೆ ಹೋದದ್ದು ತಿರುಗಿ ಬರುವುದಿಲ್ಲ, ಕಿವಿಗೆ ಮಶೀನು ಹಾಕಬಹುದು, ಮಾತಿಗೆ ಅನುಕೂಲ, ಹಾಡಿಗೆ ಅಷ್ಟಕ್ಕಷ್ಟೇ ಎಂದರು. ಹಾಗಾದರೆ ಉಳಿದದ್ದು ಎರಡೇ ದಾರಿ. ಹುಕ್ಕೇರಿಯಲ್ಲಿ ಬಿಳಿ ಡಬ್ಬಿ ಚಲೋ ಎಂದು ಹೇಳಿ ಅದನ್ನೇ ಆರಿಸಿದರೆ ಹೆಸರು ಉಳಿಯುತ್ತದೆ, ತಾಳ ಹೋಗುತ್ತದೆ. ಕರಿ ಡಬ್ಬಿ ಆರಿಸಿದರೆ ತಾಳ ಉಳಿಯುತ್ತದೆ, ಹೆಸರು ಹೋಗುತ್ತದೆ. ನಾನು ಹೆಸರಿನ ಕಡೆ ನಿಂತೆ. ಜನ ಬಾಯಿಗೆ ಬಂದದ್ದು ಆಡುತ್ತಾರೆ, ನಿಮಗೆ ತಡೆಯಲಾಗುವುದಿಲ್ಲ, ಬಿಳಿದೇ ಇರಲಿ ಎಂದೆ. ಅವರು ಹೂಂ ಎಂದರು.

ಸಂತೆಯ ದಿನ ಸಾಲೆಗೆ ರಜೆ ಹಾಕಿ ನಾನೂ ಹೊರಟೆ. ಸಾವಕಾರರ ಮನೆ ಅಂಗಡಿಯ ಮೇಲಿನ ಮಾಳಿಗೆಯಲ್ಲಿ. ಬಾಗೇವಾಡಿಯ ಗೆಳೆಯರಿಬ್ಬರೂ ಬಂದಿದ್ದರು, ಒಬ್ಬರು ಬೆಲ್ಲದ ಪೆಂಟೆ ತಂದಿದ್ದರು. ಎಲ್ಲರಿಗೂ ಚಹಾ ಆಯಿತು. ಎರಡು ಡಬ್ಬಿಯನ್ನೂ ಮೇಜಿನ ಮೇಲೆ ಇಟ್ಟು, ಒಂದೊಂದಾಗಿ ಕೂಡಿಸಿ ಅದೇ ಭಜನೆ ಹಾಕಿದರು. ಬಿಳಿದಕ್ಕೆ ಎಲ್ಲರೂ ಆಹಾ ಎಂದರು. ಕರಿದಕ್ಕೆ ಬಾಗೇವಾಡಿಯವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು, ನಗು ತಡೆದರು. ನಾನು ಕಣ್ಣು ನೆಲಕ್ಕಿಟ್ಟೆ. ಈಗ ಬುವಾ ಹೇಳಲಿ ಎಂದರು ಸಾವಕಾರರು.

ನಮ್ಮವರು ಬಿಳಿ ಡಬ್ಬಿಯನ್ನು ಎತ್ತಿ ಸಾವಕಾರರ ಮುಂದೆ ಸರಿಸಿದರು. ನಾನು ಗಾಬರಿಯಾಗಿ, ಅಲ್ಲ, ಅವರು ಹೇಳೂದು ಎಂದು ಬಾಯಿ ಹಾಕಲು ಹೋದೆ. ಅವರು ಕೈ ಎತ್ತಿ ನನ್ನನ್ನು ತಡೆದರು.

“ಚಲೋದು ಇದ ರೀ ಸಾವಕಾರ. ಇದು ನಿಮಗ ಇರ್ಲಿ. ಕರೀದು ಕೆಟ್ಟೈತಿ, ಖರೆ. ಆದರ ನನ್ನ ಕಿವೀನೂ ಕೆಟ್ಟಾವ್ರಿ. ತಾಳ ಕೇಳೂದು ನನಗ ಅದರಾಗಷ್ಟ. ಅದನ್ನ ನನಗ ಕೊಟ್ಟುಬಿಡ್ರಿ.”

ಬಾಗೇವಾಡಿಯವರ ಮುಖದ ನಗು ಆರಿಹೋಯಿತು. ನನಗೆ ನಾಚಿಕೆಯಾಗಬೇಕಿತ್ತು, ಆಗಲಿಲ್ಲ. ಬದಲು ಆ ಮನುಷ್ಯನ ಹೆಂಡತಿ ನಾನು ಎಂದು ಎದ್ದು ಹೇಳಬೇಕೆನಿಸಿತು. ಸಾವಕಾರರು ತಮ್ಮ ಕುರ್ಚಿ ಎತ್ತಿಕೊಂಡು ಬಂದು ನಮ್ಮವರ ಎದುರಿಗೆ, ಕಿಟಕಿಯ ಬೆಳಕು ತಮ್ಮ ಮುಖಕ್ಕೆ ಬೀಳುವ ಹಾಗೆ ಹಾಕಿ ಕುಳಿತರು. ಬಾಯಲ್ಲಿದ್ದ ಅಡಿಕೆಯನ್ನು ಉಗುಳಿ ಬಂದು ನಿಧಾನವಾಗಿ ಮಾತಾಡಿದರು. ಇದನ್ನು ನೀವು ಹೇಳಬೇಕಾಗಿರಲಿಲ್ಲ, ಬಿಳಿದು ಆರಿಸಿ ಸುಮ್ಮನೆ ಹೋಗಬಹುದಿತ್ತು, ನನಗೇನು ತಿಳಿಯುತ್ತಿತ್ತು ಎಂದರು. ಬುವಾ ಅಂತ ಕರೆದದ್ದು ಬರೀ ಕಿವಿ ನೋಡಿ ಅಲ್ಲ ಎಂದೂ ಅಂದರು. ಕರಿ ಡಬ್ಬಿಯನ್ನು ತಾವೇ ಹೊಸ ಬಟ್ಟೆಯಲ್ಲಿ ಸುತ್ತಿ ಕೊಟ್ಟರು.

ಊರಲ್ಲಿ ಸುದ್ದಿ ಹಬ್ಬಲು ಎಷ್ಟು ಹೊತ್ತು? ಕೆಲವರು ಕಿವುಡ ಬುವಾ ಎಂದರು, ನನ್ನ ಮುಂದೆ ಅಂದವರಿಗೆ ನಾನು ತಕ್ಕ ಮಾತು ಕೊಟ್ಟೆ. ಭಜನೆಯವರು ಈಗಲೂ ಪೇಟಿ ತರುತ್ತಿದ್ದರು. ನಡುವಿನ ಸ್ವರ ಇವರು ನೋಡುತ್ತಿದ್ದರು, ಮೇಲಿನದು ಬೇರೆಯವರು. ತಮ್ಮ ಬಂದಾಗಲೆಲ್ಲ ಡಬ್ಬಿ ರಿಪೇರಿ ಮಾಡಲೇ ಎಂದು ನಮ್ಮವರನ್ನು ಕೆಣಕುತ್ತಿದ್ದ. ನಾನು ಮನೆಯಲ್ಲಿದ್ದಾಗ ಇವರು ಅದನ್ನು ಹಚ್ಚುತ್ತಿರಲಿಲ್ಲ. ನಿನ್ನ ತಲಿ ನೂಸ್ತೈತಿ ಎನ್ನುತ್ತಿದ್ದರು.

ಒಂದು ದಿನ ಸಾಲೆ ಬೇಗ ಬಿಟ್ಟಿತು. ಓಣಿಯ ತಿರುವಿಗೆ ಬರುವಾಗಲೇ ಆ ಸೂಜಿಯಂಥ ಸದ್ದು ಕೇಳಿಸಿತು. ಬಾಗಿಲು ಅರ್ಧ ತೆರೆದಿತ್ತು. ನಮ್ಮವರು ಸ್ಪೀಕರಿಗೆ ಅಂಟಿಕೊಂಡಂತೆ ಕುಳಿತಿದ್ದರು. ನೋಡಲು ಯಾರ ಕೈಯೂ ಎದುರಿಗಿರಲಿಲ್ಲ. ಕಣ್ಣು ಮುಚ್ಚಿಕೊಂಡು, ತೊಡೆಯ ಮೇಲೆ ಬೆರಳಾಡಿಸುತ್ತ ತಾಳ ಹಾಕುತ್ತಿದ್ದರು, ಒಂದು ಪೆಟ್ಟೂ ತಪ್ಪುತ್ತಿರಲಿಲ್ಲ. ನಾನು ಒಳಗೆ ಹೋದರೆ ಬಂದ್ ಮಾಡುತ್ತಾರೆ. ಮೆಲ್ಲಗೆ ಹಿಂದೆ ಸರಿದು ಹೊರಗಿನ ಕಟ್ಟೆಯ ಮೇಲೆ ಕುಳಿತೆ. ಬಾಜೂ ಮನೆಯಾಕೆ ಕಿವಿ ಮುಚ್ಚಿಕೊಂಡು ಹೊರಗೆ ಬಂದು, ಯಾಕ್ರಿ ಅಕ್ಕೋರ, ಬಿಸಲಾಗ ಕುಂತೀರಿ, ಒಳಗ ಹೋಗಬಾರದೇನು ಎಂದಳು.

“ತಡೀರಿ,” ಎಂದೆ, “ನಮ್ಮವರು ತಾಳ ಕೇಳಾಕತ್ತಾರ.”